ಪರದೇಶದ ವಿದ್ಯಾಭ್ಯಾಸವೂ ದೇಹರಕ್ಷಣೆಯೂ

ವಿದ್ಯಾರ್ಜನೆಗಾಗಿ ಸಮುದ್ರ ದಾಟುವುದು ಒಂದು ಕಾಲಕ್ಕೆ ಸಿರಿವಂತರ ಮಾತಾಗಿತ್ತು. ಈಗ ಉಮರ್ಗಾ, ನಿಲಂಗಾ, ಉದಗೀರಗಳಂಥ ಗಡಿ ತಾಲೂಕುಗಳ ಮಕ್ಕಳಿಗೂ ಆ ದಾರಿ ತೆರೆದಿದೆ. ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಗೆ ಬಂದೊಡನೆ ಮನೆಮಂದಿಯೆಲ್ಲ ಶುಲ್ಕ, ವೀಸಾ, ವಿಮಾನದ ಟಿಕೇಟುಗಳ ಚಿಂತೆಯಲ್ಲಿ ಮುಳುಗುತ್ತಾರೆ. ಹೋಗುವವರ ದೇಹದ ವಿಚಾರ ಮಾತ್ರ ಹಿಂದೆ ಬೀಳುತ್ತದೆ. ಇಲ್ಲಿ ನಿರಪಾಯವಾದ ನಮ್ಮ ರೂಢಿಗಳೇ ಅಲ್ಲಿ ಕೇಡು ತರುವುದುಂಟಾದ್ದರಿಂದ, ಈ ಕುರಿತು ನಾಲ್ಕು ಮಾತುಗಳನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಡುತ್ತಿದ್ದೇವೆ.

ಮೊದಲು ಬೇಕಾದುದು ಬಾಲ್ಯದ ಲಸಿಕೆಯ ಚೀಟಿ. ಅಮೇರಿಕೆಯ ಅನೇಕ ವಿಶ್ವವಿದ್ಯಾಲಯಗಳು ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆಯಾದ ಬಗ್ಗೆ ಪುರಾವೆ ಕೇಳುತ್ತವೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿಗೆ ಹೋಗುವ ಭಾರತೀಯರು ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರವನ್ನು ವೀಸಾದ ಅರ್ಜಿಯೊಡನೆ ಒದಗಿಸಬೇಕು. ನಮ್ಮಲ್ಲಿ ಕೂಸುಗಳಿಗೆ ಬಿ.ಸಿ.ಜಿ. ಚುಚ್ಚಿಸಿರುವುದರಿಂದ, ಚರ್ಮದ ಮೇಲೆ ಮಾಡುವ ಕ್ಷಯಪರೀಕ್ಷೆಯಲ್ಲಿ ರೋಗದ ಸೋಂಕಿಲ್ಲದೆಯೂ ಗುರುತು ಉಬ್ಬಬಹುದು. ಆಗ ಗಾಬರಿಯಾಗದೆ, ತನಗೆ ಬಿ.ಸಿ.ಜಿ. ಆಗಿದೆಯೆಂದು ತಿಳಿಸಿ, ರಕ್ತಪರೀಕ್ಷೆಯನ್ನು ಕೇಳಿಕೊಳ್ಳಬೇಕು. ಅದರ ಮೇಲೆ ಬಿ.ಸಿ.ಜಿ.ಯ ಪರಿಣಾಮವಿಲ್ಲ. ಹಲ್ಲಿನ ಬೇನೆಯಿದ್ದರೆ ಊರಲ್ಲಿಯೇ ಚಿಕಿತ್ಸೆ ಮುಗಿಸಿಕೊಳ್ಳುವುದು ಮೇಲು.

ಔಷಧಗಳನ್ನು ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಂಡು ಹೋಗಕೂಡದು. ಅವು ಮೂಲ ಪೊಟ್ಟಣದಲ್ಲಿಯೇ ಇರಬೇಕು. ಜೊತೆಗೆ ವೈದ್ಯರ ಇಂಗ್ಲಿಷ್ ಚೀಟಿಯಿರಬೇಕು. ಚೀಟಿಯಲ್ಲಿಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಕನ್ನಡ, ಮರಾಠಿ, ಇಂಗ್ಲಿಷ್ ದಾಖಲೆಗಳ ನಡುವೆ ಹೆಸರು ಹೇಗೆ ರೂಪ ಬದಲಿಸುತ್ತದೆಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕೆ? ಕೊಡೀನ್ ಬೆರೆತ ಕೆಮ್ಮಿನ ಔಷಧ ದುಬೈ, ಅಬುಧಾಬಿಗಳಲ್ಲಿ ನಿರ್ಬಂಧಿತ ವಸ್ತು. ಇನ್ನು ಪಾಯಸಕ್ಕೆಂದು ತಾಯಿ ಅಕ್ಕರೆಯಿಂದ ಕಟ್ಟಿಕೊಡುವ ಗಸಗಸೆ! ಅಫೀಮಿನ ಗಿಡದ ಬೀಜವೆಂಬ ಕಾರಣದಿಂದ ಅದು ಅಲ್ಲಿಯೂ ಸಿಂಗಾಪುರದಲ್ಲಿಯೂ ನಿಷಿದ್ಧ. ಶೇಂಗಾ ಚಟ್ನಿಯ ಮೇಲೆ ಅಂಥ ಮುನಿಸಿಲ್ಲವೆಂಬುದು ಸಮಾಧಾನ.

ಅಮೇರಿಕ, ರಷ್ಯ, ಜರ್ಮನಿಗಳಲ್ಲಿ ವಾಹನಗಳು ರಸ್ತೆಯ ಬಲಗಡೆಗೆ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುವುದು ನಮ್ಮ ಅಭ್ಯಾಸ. ಅಲ್ಲಿ ಬಂಡಿ ಮೊದಲು ಎಡದಿಂದ ಬರುತ್ತದೆ. ಚಳಿಗಾಲದಲ್ಲಿ ಕೋಣೆಯ ಬಾಗಿಲು ಮುಚ್ಚಿ ಇದ್ದಿಲು ಉರಿಸಿದರೆ ಹುಟ್ಟುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳಲಾರ.

ನೀರಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. 2024ರ ಜೂನ್ ತಿಂಗಳಲ್ಲಿ ರಷ್ಯದ ನವ್ಗೊರೊದ್ ಪಟ್ಟಣದ ಬಳಿ ವೋಲ್ಖೋವ್ ನದಿಯಲ್ಲಿ, ನಮ್ಮ ರಾಜ್ಯದ ಜಳಗಾವ ಜಿಲ್ಲೆಯವರೂ ಸೇರಿದಂತೆ, ನಾಲ್ವರು ಭಾರತೀಯ ವಿದ್ಯಾರ್ಥಿಗಳು ಮುಳುಗಿ ತೀರಿಕೊಂಡರು. ನಮ್ಮ ಬಾವಿ, ಹಳ್ಳಗಳಲ್ಲಿ ಈಜು ಕಲಿತವರು ಶೀತದೇಶದ ನದಿಯನ್ನು ಅದೇ ಅಳತೆಯಿಂದ ಅಳೆಯಬಾರದು. ಮೇಲೆ ಬಿಸಿಲಿದ್ದರೂ ಒಳಗೆ ನೀರು ಕೊರೆಯುತ್ತಿರುತ್ತದೆ. ಇಳಿದ ಕ್ಷಣವೇ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ. ಆ ಉಸಿರಿನೊಡನೆ ನೀರೂ ಹೋಗಬಹುದು. ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಆದ್ದರಿಂದ ಕಾವಲುಗಾರರಿಲ್ಲದ ದಡದಲ್ಲಿ ನೀರಿಗಿಳಿಯಲೇಕೂಡದು. ಗೆಳೆಯನು ಮುಳುಗುತ್ತಿದ್ದರೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು, ಕೂಗಿ ಜನರನ್ನು ಕರೆಯಬೇಕು. ಯುರೋಪಿನ ಬಹುತೇಕ ದೇಶಗಳಲ್ಲಿ ತುರ್ತು ದೂರವಾಣಿ 112, ಅಮೇರಿಕೆಯಲ್ಲಿ 911.

ಯುದ್ಧಕಾಲದ ಸಂಗತಿ ಬೇರೆ. 2022ರ ಫೆಬ್ರವರಿ 15ರಂದೇ ಯುಕ್ರೇನಿನ ನಮ್ಮ ರಾಯಭಾರ ಕಚೇರಿಯು, ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದನ್ನು ಆಲೋಚಿಸಬೇಕೆಂದು ಸೂಚಿಸಿತ್ತು. ಪಾಠಗಳು ತಪ್ಪುವುವೆಂಬ ಅಳುಕು ಅನೇಕರನ್ನು ತಡೆಯಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲೆಂದು ಹೊರಬಿದ್ದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬನು ದಾಳಿಗೆ ಬಲಿಯಾದನು. ಪರದೇಶವನ್ನು ಮುಟ್ಟಿದೊಡನೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅದರ ಸೂಚನೆಗಳನ್ನು ಓದುತ್ತಿರಬೇಕು.

ಪಾಲಕರು ಪಾಸ್‌ಪೋರ್ಟು, ವಿಮಾಪತ್ರಗಳ ಪ್ರತಿಯನ್ನೂ, ಮಗನ ಇಲ್ಲವೆ ಮಗಳ ಸಹವಾಸಿಯೊಬ್ಬರ ದೂರವಾಣಿಯನ್ನೂ ಮನೆಯಲ್ಲಿಟ್ಟುಕೊಳ್ಳಲಿ. ಮಾತನಾಡುವಾಗ ಅಂಕಗಳಿಗಿಂತ ಮೊದಲು ಊಟ, ನಿದ್ರೆಗಳನ್ನು ವಿಚಾರಿಸಲಿ. ಕರೆ ಮಾಡುವ ಮುಂಚೆ ಗಡಿಯಾರವನ್ನೂ ನೋಡಲಿ: ಚಳಿಗಾಲದಲ್ಲಿ ಉದಗೀರಿನಲ್ಲಿ ಬೆಳಗಿನ ಆರು ಗಂಟೆಯಾದಾಗ ಲಂಡನ್ನಿನಲ್ಲಿ ನಡುರಾತ್ರಿ ಹನ್ನೆರಡೂವರೆ.