ಹಂಪಿಗೆ ಕಮಲಾಪುರದ ಕಡೆಯಿಂದ ಬನ್ನಿ

ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ 1567ರಲ್ಲಿ ವಿಜಯನಗರಕ್ಕೆ ಬಂದಾಗ ರಕ್ಕಸತಂಗಡಿ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನ ಇರಲಿಲ್ಲ. ಹುಲಿ ಮತ್ತಿತರ ಕಾಡುಮೃಗಗಳು ಅಲ್ಲಿ ಸೇರಿಕೊಂಡಿದ್ದವೆಂದು ಆತ ಬರೆದಿಟ್ಟಿದ್ದಾನೆ. ಅವನ ಕೆಲಸ ಒಂದು ತಿಂಗಳಲ್ಲಿ ಮುಗಿಯುವಂಥದ್ದು. ದಾರಿಯಲ್ಲಿ ಕಳ್ಳರ ಕಾಟ ತಗ್ಗಲೆಂದು ಕಾದು ಏಳು ತಿಂಗಳು ಇಲ್ಲೇ ಉಳಿದ. ಹಾಗೆ ಉಳಿದದ್ದರಿಂದಲೇ ಪಾಳುಬೀಳುತ್ತಿದ್ದ ರಾಜಧಾನಿಯನ್ನು ಕಣ್ಣಾರೆ ಕಂಡವನೊಬ್ಬನ ಮಾತು ನಮಗೆ ಸಿಕ್ಕಿದೆ.

ಅವನಿಗಿಂತ ಮೊದಲು ಬಂದವರು ಕಂಡದ್ದು ತುಂಬಿ ತುಳುಕುವ ಊರು. ನಿಕೊಲೊ ಕಾಂಟಿ 1420ರ ಸುಮಾರಿಗೆ ಇಟಲಿಯಿಂದ ಬಂದ. ಹೆರಾತ್‌ನ ಅಬ್ದುರ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದ. ಲೋಕ ನೋಡುವ ಹುಚ್ಚಿನಿಂದಲೇ ಮನೆ ಬಿಟ್ಟಿದ್ದ ವರ್ತೆಮಾ 16ನೇ ಶತಮಾನದ ಆರಂಭದಲ್ಲಿ, ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಅದರ ಮುಂದಿನ ದಶಕಗಳಲ್ಲಿ ಬಂದರು. ಒಬ್ಬೊಬ್ಬರ ಕಾರಣ ಒಂದೊಂದು. ಆದರೆ ಯಾರೂ ಬೆಳಿಗ್ಗೆ ಬಂದು ಸಂಜೆಗೆ ಹೊರಟವರಲ್ಲ. ಪೇಟೆಯಲ್ಲಿ ಹಣ್ಣಿನ ಬೆಲೆ ವಿಚಾರಿಸಿದರು, ಗುಡ್ಡ ಹತ್ತಿದರು, ಹಬ್ಬ ಮುಗಿಯುವವರೆಗೂ ಕಾದರು. ತಾನೇ ದಾರಿ ಹುಡುಕಿಕೊಂಡು ದೂರದ ನಗರಗಳನ್ನು ನೋಡಲು ಹೊರಡುವ ಇಂದಿನ ಪ್ರವಾಸಿಗೆ ಇವರಿಗಿಂತ ಒಳ್ಳೆಯ ಜೊತೆಗಾರರು ಸಿಗಲಿಕ್ಕಿಲ್ಲ.

ಈಗ ಹಂಪಿ ನೋಡುವ ಬಗೆ ನಿಮಗೆ ಗೊತ್ತಿರುವುದೇ. ವಿರೂಪಾಕ್ಷನ ದರ್ಶನ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲ ಮಹಲು, ಕೊನೆಗೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಒಂದು ಫೋಟೊ. ಕತ್ತಲಾಗುವುದರೊಳಗೆ ಹೊಸಪೇಟೆ. ಈ ಅವಸರಕ್ಕೆ ಪ್ರವಾಸಿಯೊಬ್ಬನೇ ಹೊಣೆಯಲ್ಲ. ವಿಠ್ಠಲ ದೇವಸ್ಥಾನಕ್ಕೆ ಕೊಂಡ ಟಿಕೆಟ್ಟು ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಕಾಂಬೋಡಿಯದ ಅಂಗ್ಕೋರ್‌ನಲ್ಲಿ ಒಂದು ದಿನ, ಮೂರು ದಿನ, ಏಳು ದಿನಗಳ ಟಿಕೆಟ್ಟುಗಳಿವೆ. ಹೋದವನು ಮೂರು ದಿನದ್ದನ್ನು ಕೊಂಡರೆ ಮೂರು ದಿನ ನಡೆಯುತ್ತಾನೆ. ದೂರದೂರಕ್ಕೆ ಹರಡಿಕೊಂಡಿರುವ ನಮ್ಮ ರಾಜಧಾನಿಗೆ ಅಂಥ ಏರ್ಪಾಡು ಏಕಿರಬಾರದು? ಪುರಾತತ್ವ ಇಲಾಖೆ ಇದನ್ನು ಗಂಭೀರವಾಗಿ ಯೋಚಿಸಬೇಕು.

ನಾನು ಹೇಳಬೇಕೆಂದಿರುವ ಮಾತು ಸರಳವಾದದ್ದು. ಹಂಪಿಯನ್ನು ದೇವಸ್ಥಾನಗಳ ಗುಂಪಾಗಿ ನೋಡಬೇಡಿ, ಊರಾಗಿ ನೋಡಿ. ಹಾಗೆ ನೋಡಬೇಕಾದರೆ ನದಿಯ ಕಡೆಯಿಂದ ಶುರುಮಾಡಬಾರದು, ಕಮಲಾಪುರದಿಂದ ಶುರುಮಾಡಬೇಕು. ದೇವರುಗಳು ನದಿಯ ದಂಡೆಯಲ್ಲಿದ್ದರು; ಅರಸು, ದಂಡು, ಕೋಟೆಬಾಗಿಲು, ನೀರಿನ ಲೆಕ್ಕಾಚಾರ ಎಲ್ಲ ಈ ದಕ್ಷಿಣದ ಮಗ್ಗುಲಲ್ಲಿದ್ದವು. ಪಾಯೆಸ್ ಕೂಡ ಬಂದದ್ದು ಇತ್ತಲಿಂದಲೇ. ಕೃಷ್ಣದೇವರಾಯ ಹೊಸದಾಗಿ ಕಟ್ಟಿಸಿದ್ದ ನಾಗಲಾಪುರ, ಅಂದರೆ ಇಂದಿನ ಹೊಸಪೇಟೆಯಿಂದ ರಾಜಧಾನಿಯವರೆಗೆ ಎರಡೂ ಬದಿಗೆ ಮನೆ, ಅಂಗಡಿಗಳ ಸಾಲು, ವ್ಯಾಪಾರಿಗಳ ನೆರಳಿಗೆ ನೆಡಿಸಿದ ಮರಗಳು ಇದ್ದವೆಂದು ಆತ ಹೇಳುತ್ತಾನೆ. ಅಂಗಡಿಗಳಿದ್ದ ಕಡೆ ಇವತ್ತು ಬಾಳೆ, ಕಬ್ಬು, ಗದ್ದೆ.

ಏಳು ಸುತ್ತಿನ ಕೋಟೆಯ ಬಗ್ಗೆ ಬರೆದವನು ರಜಾಕ್. ಹೊರಗಿನ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳು. ಅಲ್ಲಿಂದ ಒಳಕ್ಕೆ ಅಂಗಡಿ ಬೀದಿಗಳ ದಟ್ಟಣೆ. ಇದನ್ನು ಓದಿಕೊಂಡು ಕಮಲಾಪುರದಿಂದ ನಡೆದರೆ ತೋಟದ ನಡುವೆ ಥಟ್ಟನೆ ಎದ್ದುಬರುವ ಗೋಡೆ ವಿಚಿತ್ರವೆನಿಸುವುದಿಲ್ಲ. ಕೋಟೆಯೊಳಗೇ ಬೇಸಾಯ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ತುರುತ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ, ವಿಜಯನಗರ ಕಾಲದ ಕಮಲಾಪುರದ ಕೆರೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತದೆ. ರೋಮ್‌ನ ಪುರಾತನ ನಾಲೆಗಳನ್ನು ನೋಡಲು ಸಾವಿರಾರು ಮೈಲಿ ಹೋಗುವ ನಾವು ಈ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಕೂರಬೇಕು.

ಮೊದಲು ಕಮಲಾಪುರದ ಮ್ಯೂಸಿಯಂಗೆ ಹೋಗಿ. ಬಾಗಿಲಲ್ಲೇ ಕೃಷ್ಣದೇವರಾಯ ತನ್ನ ಇಬ್ಬರು ರಾಣಿಯರೊಂದಿಗೆ ನಿಂತಿದ್ದಾನೆ. ಒಳಾಂಗಣದಲ್ಲಿ ಗುಡ್ಡ, ಹೊಳೆ, ಕೋಟೆ, ಬೀದಿ ಸಮೇತ ಇಡೀ ಹಂಪಿಯ ಮಾದರಿ ಇದೆ. ಅದರ ಸುತ್ತ ಎರಡು ಸಲ ಬಂದರೆ ಸಾಕು, ಎಲ್ಲಿ ಯಾವುದಿದೆ, ಏಕಿದೆ ಎಂಬುದು ತಲೆಯಲ್ಲಿ ಕೂರುತ್ತದೆ. ಆಮೇಲೆ ಮೊಬೈಲ್ ನಕ್ಷೆಯ ಹಂಗು ಅಷ್ಟಾಗಿ ಬೇಡ.

ಊರಿನ ಪೂರ್ವಕ್ಕಿರುವ ಪಟ್ಟಾಭಿರಾಮ ದೇವಸ್ಥಾನ ಅಚ್ಯುತರಾಯನ ಕಾಲದ್ದು. ಅಷ್ಟು ವಿಶಾಲವಾದ ಪ್ರಾಕಾರದಲ್ಲಿ ಎಷ್ಟೋ ಸಲ ನೀವೊಬ್ಬರೇ ಇರುತ್ತೀರಿ. ಊರು ದಾಟಿದ ಕೂಡಲೇ ಗಾಣಗಿತ್ತಿ ಬಸದಿ. ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಈ ಜಿನಾಲಯದ ಶಾಸನ ಮುಂದಿನ ದೀಪಸ್ತಂಭದ ಮೇಲಿದೆ. ಹತ್ತಿರದಲ್ಲೇ ಭೀಮನ ಬಾಗಿಲು. ದಾರಿ ನೇರ ಬಿಡದೆ ತಿರುಗಿಸಿ ತಿರುಗಿಸಿ ಒಳಗೆ ಬಿಡುವ ಅದರ ಕಟ್ಟಡವನ್ನು ನಡೆದೇ ನೋಡಬೇಕು. ಕುದುರೆ ಮೇಲೆ ನುಗ್ಗಿ ಬರುವವನ ಗತಿ ಆಗ ಅರ್ಥವಾಗುತ್ತದೆ.

ಇನ್ನೂ ಉತ್ತರಕ್ಕೆ ಹೋದರೆ ಮುಸಲ್ಮಾನರು ವಾಸವಿದ್ದ ಭಾಗ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಇಲ್ಲೊಂದು ಧರ್ಮಸಾಲೆ ಕಟ್ಟಿಸಿ, ಅರಸನಿಗೆ ಪುಣ್ಯವಾಗಲೆಂದು ಶಾಸನ ಬರೆಸಿದ. ಕಂಬ, ತೊಲೆಗಳ ಕಟ್ಟಡ ನೋಡಲು ದೇವಸ್ಥಾನದ ಮಂಟಪದಂತೆಯೇ ಇದೆ, ಆದರೂ ಇದು ಮಸೀದಿ. ರಜಾಕ್ ಬಂದದ್ದು ಇದಾದ ನಾಲ್ಕು ವರ್ಷಕ್ಕೆ. ಬಸದಿಯಿಂದ ಇಲ್ಲಿಗೆ ಬರುವ ಒಂದು ಬೆಳಗಿನ ನಡಿಗೆ ಈ ಊರಲ್ಲಿ ಯಾರ್‍ಯಾರು ಬಾಳಿದರೆಂದು ತಿಳಿಸುವಷ್ಟನ್ನು ಯಾವ ಗೈಡ್ ಪುಸ್ತಕವೂ ತಿಳಿಸದು.

ಅರಮನೆ ಆವರಣಕ್ಕೆ ಸಂಜೆಯ ಇಳಿಬಿಸಿಲು ಒಳ್ಳೆಯದು. ಮಹಾನವಮಿ ದಿಬ್ಬದ ಕೆತ್ತನೆಯಲ್ಲಿ ಕುದುರೆ ಹಿಡಿದ ಪರದೇಶಿಗಳನ್ನು ಹುಡುಕಿ. ನಮ್ಮನ್ನು ನೋಡಿ ಅವರು ಬರೆದರು, ಅವರನ್ನು ನೋಡಿ ನಮ್ಮ ಕಲ್ಲುಕುಟಿಗರು ಕೆತ್ತಿದರು. ಪಕ್ಕದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂತು. ಅದರ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಗುರುತು ಹಾಕಿದ ಅಕ್ಷರಗಳಿವೆ. ಅರಸರ ಶಾಸನಗಳಷ್ಟೇ ಆಸೆಯಿಂದ ಓದಬೇಕಾದ ಬರಹ ಇದು; ಕೆಲಸಗಾರರು ಪರಸ್ಪರರಿಗಾಗಿ ಬರೆದುಕೊಂಡದ್ದು. ಅಲ್ಲಿಂದ ಹಜಾರರಾಮನ ಗುಡಿ, ಅದರ ಮುಂದೆ ಪಾನ್ ಸುಪಾರಿ ಬಜಾರು. ರಜಾಕ್ ವೀಳ್ಯದೆಲೆಯನ್ನು ಮನಸಾರೆ ಹೊಗಳಿದ್ದಾನೆ, ಇಲ್ಲಿಯ ಜನ ಗುಲಾಬಿ ಇಲ್ಲದೆ ಬದುಕಲಾರರು ಎಂಬಂತೆ ಬರೆದಿದ್ದಾನೆ.

ಪಾಯೆಸ್ ಒಂದು ಗುಡ್ಡ ಹತ್ತಿ ಊರು ನೋಡಿದ. ಬೆಟ್ಟಗಳ ನಡುವೆ ಹರಡಿದ್ದರಿಂದ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್‌ನಷ್ಟು ದೊಡ್ಡದಿತ್ತು ಎಂದ. ಅವನ ಬರಹ ಶತಮಾನಗಳ ಕಾಲ ಮರೆಯಲ್ಲಿದ್ದು, 1897ರಲ್ಲಿ ಪೋರ್ಚುಗಲ್‌ನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನೂ ನೂನಿಜ್‌ನ ಬರಹವನ್ನೂ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ನಮ್ಮವರಿಗೆ ಹಂಪಿಯ ಮೇಲೆ ಹೊಸ ಮಮತೆ ಹುಟ್ಟಿತು. ಕನ್ನಡದಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಇದೆ. ಬರುವ ಮೊದಲು ಓದಿ, ಹೋದ ಮೇಲೆ ಇನ್ನೊಮ್ಮೆ ಓದಿ.

ಒಬ್ಬರೇ ಬರುವವರಿಗೆ ಇಲ್ಲಿ ಕಷ್ಟವಿಲ್ಲ. ಹೊಸಪೇಟೆಯವರೆಗೆ ರೈಲಿದೆ, ಅಲ್ಲಿಂದ ಕಮಲಾಪುರಕ್ಕೆ ಬಸ್ಸು. ಉಳಿಯಲು ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಊರಲ್ಲೇ ಇದೆ. ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು, ನೀರಿನ ಬಾಟಲಿ ತುಂಬಿಕೊಂಡು ಹೊರಟರೆ ಹತ್ತು ಗಂಟೆಯೊಳಗೆ ಬಹಳ ದೂರ ನಡೆಯಬಹುದು. ನಡು ಮಧ್ಯಾಹ್ನ ಬಂಡೆಗಳು ಕಾಯುತ್ತವೆ, ನೆರಳು ಹಿಡಿಯಿರಿ. ಕತ್ತಲಾದ ಮೇಲೆ ಗುಡ್ಡದ ದಾರಿ, ತೋಟದ ಒಳದಾರಿ ಬೇಡ. ಫ್ರೆಡರಿಕ್ ಹೇಳಿದ ಹುಲಿ ಈಗಿಲ್ಲ, ಆದರೆ ಚಿರತೆ ಉಂಟು, ಕರಡಿ ಉಂಟು. ದರೋಜಿ ಕರಡಿಧಾಮ ಇಲ್ಲಿಗೆ ಹತ್ತಿರ. ಮೊದಲ ದಿನ ಸ್ಥಳೀಯ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಉಳಿದ ದಿನಗಳು ನಿಮ್ಮವು.

ಎರಡು ರಾತ್ರಿಯಾದರೂ ಉಳಿಯುವಂತೆ ರಜೆ ಹಾಕಿ. ನವೆಂಬರಿನಿಂದ ಫೆಬ್ರುವರಿವರೆಗೆ ಯಾವಾಗ ಬಂದರೂ ಸರಿ. ದಿನ ಗೊತ್ತುಮಾಡುವಾಗ ಒಂದು ನೆನಪಿರಲಿ, ಕಮಲಾಪುರದ ಮ್ಯೂಸಿಯಂಗೆ ಶುಕ್ರವಾರ ರಜೆ.