ಆಕಾಶದಿಂದ ಎಣಿಸಿದ ಮೀನುಬೇಲಿಗಳು

ಬಹ್ರೇನ್, ಕುವೈತ್, ದಮ್ಮಾಮ್ ಎಂಬ ಹೆಸರು ಕೇಳದ ಮನೆ ನಮ್ಮ ಕಾಲೇಜಿನವರಲ್ಲಿ ಇರಲಿಕ್ಕಿಲ್ಲ. ಯಾರದೋ ತಂದೆ, ಯಾರದೋ ಮಾವ, ಯಾರದೋ ಅಣ್ಣ ಅಲ್ಲಿ ದುಡಿಯುತ್ತಿದ್ದಾರೆ. ಗಲ್ಫ್ ಎಂದಕೂಡಲೇ ನಮಗೆ ನೆನಪಾಗುವುದು ಎಣ್ಣೆ, ಎತ್ತರದ ಕಟ್ಟಡ, ವೀಸಾ, ವಿಮಾನದ ಟಿಕೆಟು. ಎಣ್ಣೆ ಸಿಗುವುದಕ್ಕೆ ಮೊದಲು ಅಲ್ಲಿನ ಕರಾವಳಿಯ ಜನ ಬದುಕಿದ್ದು ಮುತ್ತು, ಖರ್ಜೂರ ಮತ್ತು ಮೀನಿನಿಂದ. ಆ ಮೀನು ಹಿಡಿಯಲು ಅವರು ಸಮುದ್ರದಲ್ಲೇ ಕಟ್ಟುತ್ತಿದ್ದ, ಇಂದಿಗೂ ಪೂರ್ತಿ ಅಳಿಯದ ಒಂದು ಬೇಲಿಯ ಬಗ್ಗೆ ಮತ್ತು ಅದನ್ನು ದಾಖಲಿಸಿದ ಬಗೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಬಹ್ರೇನ್ ಮತ್ತು ಕುವೈತ್‌ನಲ್ಲಿ ಈ ಬೇಲಿಯನ್ನು ‘ಹದ್ರಾ’ ಎನ್ನುತ್ತಾರೆ. ಅರಬಿ ಓದುವ ಗೆಳೆಯರಿಗೆ ಇದು ಬೇಗ ತಿಳಿಯುತ್ತದೆ. ಸುತ್ತುಗಟ್ಟು, ತಡೆ ಎಂಬ ಅರ್ಥದ ಧಾತುವಿನಿಂದ ಬಂದ ಪದ ಇದು. ನಾನು ಈ ಲೇಖನದಲ್ಲಿ ಮೀನುಬೇಲಿ ಎಂದೇ ಕರೆಯುತ್ತೇನೆ.

ಬೇಲಿ ಕೆಲಸ ಮಾಡುವ ರೀತಿ

ಗಲ್ಫ್‌ನ ಅನೇಕ ಕಡೆ ದಡದ ಹತ್ತಿರ ನೀರು ಆಳವಿಲ್ಲ. ಇಳಿತ ಬಂದರೆ ಸಮುದ್ರ ಬಹುದೂರ ಹಿಂದೆ ಸರಿದು ನೆಲ ಕಾಣುತ್ತದೆ. ಉಬ್ಬರದಲ್ಲಿ ನೀರು ಮತ್ತೆ ಏರಿದಾಗ ಪಾಚಿ, ಹುಳಹುಪ್ಪಟೆ ತಿನ್ನಲು ಮೀನುಗಳು ದಡದ ಕಡೆ ಬರುತ್ತವೆ. ನೀರು ಇಳಿಯತೊಡಗಿದಾಗ ಆಳದ ಕಡೆ ಹಿಂತಿರುಗುತ್ತವೆ. ಈ ಹೋಗಿಬರುವ ದಾರಿಯ ಮೇಲೆಯೇ ಬೇಲಿ ನಿಂತಿರುತ್ತದೆ.

ದಡದ ಕಡೆಯಿಂದ ಸಮುದ್ರದ ಕಡೆಗೆ ಒಂದು ಉದ್ದನೆಯ ಬೇಲಿ ಹೋಗುತ್ತದೆ. ಇದಕ್ಕೆ ‘ಯದ್’, ಅಂದರೆ ಕೈ ಎಂದು ಹೆಸರು. ವಾಪಸು ಹೋಗುವ ಮೀನಿಗೆ ಬೇಲಿ ಅಡ್ಡ ಸಿಕ್ಕಿದರೆ ಅದು ದಡದತ್ತ ತಿರುಗುವುದಿಲ್ಲ, ಬೇಲಿಯ ಪಕ್ಕದಲ್ಲೇ ಆಳದ ಕಡೆಗೆ ಈಜುತ್ತದೆ. ಬೇಲಿಯ ತುದಿಯಲ್ಲಿ ಬಾಗಿದ ಅಂಗಳ, ಅದರಾಚೆ ಇಕ್ಕಟ್ಟಾದ ಬಾಯಿಯ ಒಂದು ಪುಟ್ಟ ಕೋಣೆ ಇರುತ್ತದೆ. ಒಳಗೆ ನುಗ್ಗುವುದು ಸುಲಭ, ಹೊರಗೆ ಬರುವ ದಾರಿ ಮೀನಿಗೆ ಹೊಳೆಯುವುದಿಲ್ಲ. ಆ ಕೋಣೆಗೆ ‘ಸಿರ್ರ್’, ಅಂದರೆ ಗುಟ್ಟು ಎನ್ನುತ್ತಾರೆ. ನೀರು ಪೂರ್ತಿ ಇಳಿದಾಗ ಬೇಲಿಯ ಒಡೆಯ ನಡೆದುಕೊಂಡು ಬಂದು, ಗುಟ್ಟಿನೊಳಗೆ ಉಳಿದ ಮೀನನ್ನು ಬುಟ್ಟಿಗೆ ತುಂಬಿಕೊಳ್ಳುತ್ತಾನೆ. ಬಹ್ರೇನಿನವರಿಗೆ ಬಹಳ ಇಷ್ಟವಾದ ಸಾಫಿ ಮೀನು ಹೀಗೆ ಸಿಗುವಂಥದ್ದು. ಇದಕ್ಕೆ ದೋಣಿ ಬೇಡ, ಡೀಸೆಲ್ ಬೇಡ.

ಹಿಂದೆ ಖರ್ಜೂರದ ಗರಿಯ ದಿಂಡುಗಳನ್ನು ಹುರಿಯಿಂದ ಹೆಣೆದು ಬೇಲಿ ಕಟ್ಟುತ್ತಿದ್ದರು. ಈಗ ಹೆಚ್ಚಾಗಿ ಕಬ್ಬಿಣದ ತಂತಿಬಲೆ ಬಳಸುತ್ತಾರೆ. ಮಲೆನಾಡಿನ ಗದ್ದೆಯ ನೀರಿಗೆ ಒಡ್ಡುವ ಕೂಳಿಯನ್ನೋ, ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಇಳಿತದ ಹೊತ್ತಿಗೆ ತೂಬಿಗೆ ಬಲೆ ಕಟ್ಟಿ ಮೀನು ಹಿಡಿಯುವುದನ್ನೋ ನೋಡಿದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಮೀನನ್ನು ಅಟ್ಟಿಸಿಕೊಂಡು ಹೋಗುವ ಬದಲು, ನೀರೇ ಅದನ್ನು ತಂದುಕೊಡುವಂತೆ ಮಾಡುವುದು.

ಎಣಿಕೆ ಹೇಗೆ ನಡೆಯಿತು?

ಪ್ರತಿ ದೇಶವೂ ತಾನು ಹಿಡಿದ ಮೀನಿನ ಲೆಕ್ಕವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಕೊಡಬೇಕು. ದೊಡ್ಡ ಬಂದರಿನಲ್ಲಿ ಇಳಿಯುವ ಮೀನನ್ನು ತೂಗಬಹುದು. ದಡದುದ್ದಕ್ಕೂ ಚದುರಿರುವ ಬೇಲಿಗಳಿಂದ ಬುಟ್ಟಿಯಲ್ಲಿ ಮನೆಗೆ, ಸಂತೆಗೆ ಹೋಗುವ ಮೀನನ್ನು ತೂಗುವವರು ಯಾರು?

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ದಲಾಲ್ ಅಲ್-ಅಬ್ದುಲ್‌ರಝಾಕ್ ಮತ್ತು ಡೇನಿಯಲ್ ಪೌಲಿ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಒಂದು ಉಪಾಯ ಹುಡುಕಿದರು. ನಾವೆಲ್ಲ ನಮ್ಮ ಮನೆಯ ಹಂಚು ಹುಡುಕಲು ತೆರೆಯುವ ಗೂಗಲ್ ಅರ್ಥ್ ಅನ್ನೇ ಅವರು ತೆರೆದರು. ಗಲ್ಫ್‌ನ ದಡವನ್ನು ಉಪಗ್ರಹ ಚಿತ್ರದಲ್ಲಿ ನೋಡುತ್ತಾ ಬೇಲಿಗಳನ್ನು ಎಣಿಸಿದರು. ಕಂಡಷ್ಟನ್ನು ಎಣಿಸಿ ಅಲ್ಲಿಗೇ ಬಿಡಲಿಲ್ಲ. ಕೆಲವು ಕಡೆ ಚಿತ್ರ ಮಸುಕಾಗಿರುತ್ತದೆ, ಕೆಲವು ಕಡೆ ಬೇಕಾದ ಕಾಲದ ಚಿತ್ರವೇ ಇರುವುದಿಲ್ಲ. ಹಾಗೆ ಕಾಣದೆ ಉಳಿದವುಗಳಿಗೂ ಲೆಕ್ಕ ಸರಿಹೊಂದಿಸಿದರು. 2005ರಲ್ಲಿ ಅಲ್ಲಿ ಸುಮಾರು 1,900 ಬೇಲಿಗಳಿದ್ದವು ಎಂಬುದು ಅವರ ಅಂದಾಜು. ನಂತರ ಒಂದು ಬೇಲಿಗೆ ದಿನಕ್ಕೆ ಎಷ್ಟು ಮೀನು ಸಿಗಬಹುದು, ವರ್ಷದಲ್ಲಿ ಎಷ್ಟು ದಿನ ಮೀನುಗಾರಿಕೆ ನಡೆಯುತ್ತದೆ ಎಂಬುದನ್ನು ಇಟ್ಟುಕೊಂಡು ಗುಣಿಸಿದರು. ಉತ್ತರ ಬಂದದ್ದು ಸುಮಾರು 31,000 ಟನ್. ದೇಶಗಳು ಅಧಿಕೃತವಾಗಿ ಕೊಟ್ಟಿದ್ದ ಲೆಕ್ಕ 5,260 ಟನ್ ಮಾತ್ರ. ಅಂದರೆ ನಿಜವಾದ ಹಿಡುವಳಿ ಹೇಳಿದ್ದಕ್ಕಿಂತ ಆರು ಪಟ್ಟಿನವರೆಗೂ ಇರಬಹುದು. ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆಕಾಶದ ಚಿತ್ರದಿಂದ ಮೀನಿನ ಹಿಡುವಳಿ ಅಂದಾಜಿಸಿದ ಮೊದಲ ಉದಾಹರಣೆ ಇದು ಎಂದು ಅವರು ಹೇಳಿದ್ದಾರೆ.

ನಾನು ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಭಾಗಿಸಿ ನೋಡಿದೆ. 5,260 ಟನ್ ಸರಿ ಎಂದಾದರೆ, ವರ್ಷದ 365 ದಿನವೂ ಮೀನು ತೆಗೆದರೆ, ಒಂದು ಬೇಲಿಗೆ ದಿನಕ್ಕೆ ಎಂಟು ಕಿಲೋಗೂ ಕಡಿಮೆ ಬೀಳುತ್ತದೆ. 31,000 ಟನ್ ಎಂದಾದರೆ ದಿನಕ್ಕೆ ಸುಮಾರು 45 ಕಿಲೋ. ಎಂಟು ಕಿಲೋ ಮೀನಿಗಾಗಿ ಯಾರು ಅಷ್ಟುದ್ದದ ಬೇಲಿ ಕಟ್ಟಿ ಕಾಯುತ್ತಾರೆ? ನೀವೂ ಲೆಕ್ಕ ಮಾಡಿ ನೋಡಿ.

ಇದರಿಂದ ಏನಾಗುತ್ತದೆ ಎಂದು ಕೇಳಬಹುದು. ಸಮುದ್ರದಲ್ಲಿ ಎಷ್ಟು ಮೀನು ಉಳಿದಿದೆ, ಯಾವ ತಿಂಗಳು ನಿಷೇಧ ಹಾಕಬೇಕು, ಯಾರಿಗೆ ಪರವಾನಗಿ ಕೊಡಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಲೆಕ್ಕ ತಪ್ಪಿದರೆ ಮೀನಿಗೂ ನಷ್ಟ, ಮೀನುಗಾರನಿಗೂ ನಷ್ಟ. ಲೆಕ್ಕದಲ್ಲೇ ಇಲ್ಲದ ಬೇಲಿಯ ಮೇಲೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುವಾಗ, ಇಲ್ಲಿ ಒಬ್ಬನ ಜೀವನೋಪಾಯ ಇತ್ತು ಎಂದು ತೋರಿಸಲು ಕಾಗದ ಇರುವುದಿಲ್ಲ. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಹೆಚ್ಚಿಸಿಕೊಂಡ ಬಹ್ರೇನಿನಂಥ ದ್ವೀಪದಲ್ಲಿ ಇದು ಸಣ್ಣ ಮಾತಲ್ಲ.

ಆಕಾಶಕ್ಕೆ ಕಾಣದ್ದು

ಆದರೆ ಉಪಗ್ರಹ ಎಲ್ಲವನ್ನೂ ಹೇಳುವುದಿಲ್ಲ. ಬಹ್ರೇನಿನ ದಡವನ್ನು ನಾನೂ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ತಿಳಿನೀಲಿ ನೀರಿನಲ್ಲಿ ಬಾಣದ ಗುರುತಿನಂಥ, ಗಾಳದ ಕೊಕ್ಕೆಯಂಥ ಸಣ್ಣ ಗೆರೆಗಳು ಕಾಣುತ್ತವೆ. ಅದು ಯಾರ ಬೇಲಿ? ಅದರ ಹೆಸರೇನು? ಈಗಲೂ ಮೀನು ತೆಗೆಯುತ್ತಾರೋ, ಪಾಳು ಬಿದ್ದಿದೆಯೋ? ಗೆರೆಗೆ ಬಾಯಿಲ್ಲ.

ಅದಕ್ಕೆ ಬೇರೆ ತರಹದ ದಾಖಲೆ ಬೇಕು. ಆರ್. ಬಿ. ಸಾರ್ಜೆಂಟ್ ಎಂಬ ಬ್ರಿಟಿಷ್ ಅರಬಿ ವಿದ್ವಾಂಸರು 1968ರಲ್ಲಿ ಬಹ್ರೇನಿನ ಮೀನುಗಾರರು ಮತ್ತು ಅವರ ಬೇಲಿಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಹದ್ರಾ ಎಂದರೆ ತೋಟದಂತೆ ಆಸ್ತಿ. ಅದಕ್ಕೆ ಒಡೆಯರಿದ್ದರು, ಗೇಣಿಗೆ ಕೊಡುವ ಪದ್ಧತಿ ಇತ್ತು. ಇದನ್ನು ಮೇಲಿನಿಂದ ತೆಗೆದ ಚಿತ್ರ ಹೇಳಲಾರದು, ಅಲ್ಲಿನ ಭಾಷೆಯಲ್ಲಿ ಜನರೊಡನೆ ಮಾತಾಡಿದವರು ಮಾತ್ರ ಹೇಳಬಲ್ಲರು.

ಬೇರೆ ದೇಶಗಳಲ್ಲೂ ಇದೇ ಕಥೆ. ಆಸ್ಟ್ರೇಲಿಯಾದ ಬ್ರೆವಾರಿನಾ ಎಂಬ ಊರಿನ ಬಳಿ ಬಾರ್ವನ್ ನದಿಯಲ್ಲಿ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಕಲ್ಲುಗಳಿಂದ ಕಟ್ಟಿದ ಮೀನುಬೇಲಿಗಳಿವೆ. ನಕ್ಷೆಯಲ್ಲಿ ಕಲ್ಲಿನ ಸಾಲುಗಳು ಕಾಣುತ್ತವೆ. ಯಾವ ಕಲ್ಲಿನ ಕೋಣೆ ಯಾವ ಕುಟುಂಬದ ಜವಾಬ್ದಾರಿ ಎಂಬುದು ಮಾತ್ರ ಅಲ್ಲಿನ ಮೂಲನಿವಾಸಿಗಳ ನೆನಪಿನಲ್ಲಿ ಉಳಿದುಬಂದ ತಿಳಿವಳಿಕೆ.

ಆದ್ದರಿಂದ ಒಂದು ಮೀನುಬೇಲಿ ಸರಿಯಾಗಿ ದಾಖಲಾಗಬೇಕಾದರೆ ಎರಡೂ ಬೇಕು. ಮೊದಲನೆಯದು ಅಳತೆ: ಸ್ಥಳದ ಅಕ್ಷಾಂಶ ರೇಖಾಂಶ, ಉದ್ದ, ಯಾವ ದಿಕ್ಕಿಗೆ ಮುಖ, ಯಾವುದರಿಂದ ಕಟ್ಟಿದ್ದು, ಚಿತ್ರ ತೆಗೆದ ದಿನಾಂಕ, ಆಗ ಉಬ್ಬರವೋ ಇಳಿತವೋ. ಉಬ್ಬರ ಇಳಿತ ಬರೆಯದಿದ್ದರೆ ಅರ್ಧ ಬೇಲಿ ನೀರಿನಡಿ ಇದ್ದದ್ದು ಮುಂದೆ ಓದುವವರಿಗೆ ತಿಳಿಯುವುದಿಲ್ಲ. ಎರಡನೆಯದು ಮಾತು: ಬೇಲಿಯ ಹೆಸರು, ಅದರ ಭಾಗಗಳ ಹೆಸರು, ಕಟ್ಟಿದವರು, ಸಿಗುವ ಮೀನು, ಯಾವ ಕಾಲದಲ್ಲಿ ಹೆಚ್ಚು, ಯಾವಾಗ ನಿಂತುಹೋಯಿತು. ಇವನ್ನು ಹೇಳುವವರ ಭಾಷೆಯಲ್ಲೇ, ಅವರು ಹೇಳಿದ ಪದದಲ್ಲೇ ಬರೆದುಕೊಳ್ಳಬೇಕು.

ಮೊದಲನೆಯ ಕೆಲಸ ಸ್ವಲ್ಪ ತಡವಾದರೂ ನಡೆಯುತ್ತದೆ, ಹಳೆಯ ಉಪಗ್ರಹ ಚಿತ್ರಗಳು ಕಂಪ್ಯೂಟರಿನಲ್ಲಿ ಉಳಿದಿರುತ್ತವೆ. ಎರಡನೆಯದು ತಡವಾದರೆ ಹೋಯಿತು. ಕಟ್ಟಿದವರು ತೀರಿಕೊಂಡ ಮೇಲೆ ‘ಗುಟ್ಟು’ ಗುಟ್ಟಾಗಿಯೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷ ಅಲ್ಲಿ ದುಡಿದು ಬಂದ ಹಿರಿಯರಿದ್ದಾರೆ. ದಡದಲ್ಲಿ ಅಂಥ ಬೇಲಿ ನೋಡಿದ್ದೀರಾ, ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಅವರನ್ನು ಕೇಳೋಣ. ನಮ್ಮ ಹೊಳೆಯ ಕೂಳಿ, ಬಲೆ, ತೂಬುಗಳ ಬಗ್ಗೆಯೂ ಕೇಳೋಣ. ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟರೆ ಅದೂ ಒಂದು ದಾಖಲೆಯೇ.