ಕಲ್ಲಿಗೆ ಹೆಸರಿದೆ, ಕಡಿದವನಿಗೆ?

ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಎಂಬ ಊರಿದೆ. ಅದರ ಮಗ್ಗುಲಲ್ಲಿರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದಾಗ ಬೌದ್ಧ ಸ್ತೂಪವೊಂದರ ಅವಶೇಷಗಳು ಹೊರಬಂದವು. ಅಲ್ಲಿನ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಜ, ರಾಣಿ ಹಾಗೂ ಪರಿಚಾರಿಕೆಯರ ಶಿಲ್ಪವಿದೆ. ಜೊತೆಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂದು ಕೊರೆಯಲಾಗಿದೆ. ಎರಡೇ ಪದಗಳು. ಅವು ಇರದಿದ್ದರೆ ಆತ ಯಾವನೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಚಿತ್ರದ ಪಕ್ಕದಲ್ಲಿ ಹೆಸರು ಇದ್ದುದರಿಂದ ಆತ ಅಶೋಕ ಚಕ್ರವರ್ತಿಯೆಂದು ಜಗತ್ತಿಗೆ ತಿಳಿಯಿತು.

ಇದೇ ಸುಣ್ಣಕಲ್ಲಿನ ನೆಲ ಇಂದಿಗೂ ಸಾವಿರಾರು ಜನರಿಗೆ ಅನ್ನ ಕೊಡುತ್ತಿದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಗಣಿಗಳ ಪರ್ಸಿ ಕಲ್ಲು ಮಹಾರಾಷ್ಟ್ರದ ಮನೆಮನೆಗಳಲ್ಲಿ 'ಶಹಾಬಾದಿ ಫರಶಿ' ಎಂದೇ ಪರಿಚಿತ. ಊರಿನ ಹೆಸರು ಕಲ್ಲಿನ ಬೆನ್ನೇರಿ ನೂರಾರು ಮೈಲಿ ಸಾಗಿತು. ಆದರೆ ಆ ಕಲ್ಲನ್ನು ಪದರ ಪದರವಾಗಿ ಸೀಳಿದವನ, ಅಂಚು ಹೊಡೆದವನ, ಪಾಲಿಶ್ ಮಾಡಿದವನ ಹೆಸರು ಗಣಿಯ ಅಂಚನ್ನೂ ದಾಟಲಿಲ್ಲ.

ಹಿಂದೆ ಇದರಿಂದ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. 'ಅವನ ಕೈ ಚಲೋ ಅದರಿ' ಎಂದು ಮೇಸ್ತ್ರಿಯೊಬ್ಬ ಹೇಳಿದರೆ ಕೆಲಸ ಸಿಗುತ್ತಿತ್ತು. ಇಂದು ಕೆಲಸ ಕೊಡುವವನು ಹೈದರಾಬಾದಿನಲ್ಲೋ ಪುಣೆಯಲ್ಲೋ ಕುಳಿತಿರುತ್ತಾನೆ. ಅರ್ಜಿ ಕೈಗೆ ಬಂದೊಡನೆ ಮೊಬೈಲ್ ತೆಗೆದು ಅಭ್ಯರ್ಥಿಯ ಹೆಸರು ಹುಡುಕುತ್ತಾನೆ. ಏನೂ ಸಿಗದಿದ್ದರೆ ಅನುಮಾನ. ಎಂದೋ ಸಿಟ್ಟಿನಲ್ಲಿ ಬರೆದ ಬೈಗುಳ ಸಿಕ್ಕರೆ ಅರ್ಜಿ ಪಕ್ಕಕ್ಕೆ. ಹೀಗಾಗಿ ಅಂತರ್ಜಾಲದಲ್ಲಿ ವೃತ್ತಿಯ ಗುರುತು ಕಟ್ಟಿಕೊಳ್ಳುವುದು ಈಗ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಶೋಕಿಯಾಗಿ ಉಳಿದಿಲ್ಲ. ವಾಡಿಯ ಫಿಟ್ಟರ್‌ಗೂ ಚಿಂಚೋಳಿಯ ತೊಗರಿ ವ್ಯಾಪಾರಿಗೂ ಅದು ಹೊಟ್ಟೆಪಾಡಿನ ವಿಷಯವಾಗಿದೆ.

ಯಂತ್ರದ ಕಣ್ಣಿಗೆ ನಾವು

ಗೂಗಲ್‌ನಂಥ ಹುಡುಕು ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ ಮುಂದಿನ ದಾರಿ ಸುಲಭ. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲವೇ? ಯಾವ ಪದ ಯಾವ ಪುಟದಲ್ಲಿದೆ ಎಂದು ಅದು ಹೇಳುತ್ತದೆ. ಹುಡುಕು ಯಂತ್ರವೂ ಅಂತರ್ಜಾಲದ ಪುಟಗಳನ್ನು ಮುಂಚಿತವಾಗಿಯೇ ಓದಿ ಅಂಥದೇ ಒಂದು ಭಾರೀ ಸೂಚಿಯನ್ನು ಸಿದ್ಧಪಡಿಸಿಟ್ಟಿರುತ್ತದೆ. ನಾವು ಹೆಸರು ಕೇಳಿದಾಗ ಆ ಸೂಚಿಯನ್ನು ನೋಡಿ ಉತ್ತರಿಸುತ್ತದೆ.

ಒಂದೇ ಹೆಸರು, ಒಂದೇ ಊರು, ಒಂದೇ ಕಸುಬು ನಾಲ್ಕಾರು ಕಡೆ ಒಂದೇ ರೀತಿ ಕಂಡರೆ 'ಇವರೆಲ್ಲ ಒಬ್ಬರೇ' ಎಂದು ಯಂತ್ರ ಊಹಿಸುತ್ತದೆ. ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಒಬ್ಬನೇ ಮನುಷ್ಯ ನಾಲ್ವರಾಗಿ ಹಂಚಿಹೋಗುತ್ತಾನೆ. ನಮ್ಮ ಭಾಗದವರ ತೊಡಕು ಶುರುವಾಗುವುದು ಇಲ್ಲಿಯೇ.

ಹೆಸರಿನ ಗೊಂದಲ

ಶರಣಬಸಪ್ಪ ಎಂಬ ಹೆಸರನ್ನೇ ನೋಡಿ. ಕನ್ನಡದಲ್ಲಿ ಬರೆಯುವುದು ಒಂದೇ ರೀತಿ. ಇಂಗ್ಲಿಷಿಗೆ ಬಂದಾಗ ಶಾಲೆಯ ಅಂಕಪಟ್ಟಿಯಲ್ಲಿ ಎರಡು 'ಪಿ', ಆಧಾರ್‌ನಲ್ಲಿ ಒಂದೇ 'ಪಿ', ಪ್ಯಾನ್ ಕಾರ್ಡಿನಲ್ಲಿ ನಡುವಿನ 'ಎ' ಮಾಯ. ಒಂದರಲ್ಲಿ ತಂದೆಯ ಹೆಸರು ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರು ಹಿಂದೆ. ಮದುವೆಯಾದ ಹೆಣ್ಣುಮಕ್ಕಳ ಪಾಡಂತೂ ಕೇಳುವುದೇ ಬೇಡ.

ಊರುಗಳ ಕಥೆಯೂ ಹಾಗೆಯೇ. ಸೇಡಂ ಊರನ್ನು ಹಳೆಯ ಇಂಗ್ಲಿಷ್ ಬರಹಗಳಲ್ಲಿ 'ಸೇರಂ' ಎಂದು ಬರೆದದ್ದುಂಟು. ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಚಿತ್ತಾಪುರ ತಾಲೂಕಿನಲ್ಲಿದ್ದ ಶಹಾಬಾದ್ 2018ರಲ್ಲಿ ತಾನೇ ತಾಲೂಕಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹಳೆಯ ಪ್ರಮಾಣಪತ್ರ ಒಂದು ವಿಳಾಸ ಹೇಳಿದರೆ ಹೊಸದು ಇನ್ನೊಂದನ್ನು ಹೇಳುತ್ತದೆ. ದೂರದ ಅಧಿಕಾರಿಗೆ ಈ ಚರಿತ್ರೆ ಗೊತ್ತಿರುವುದಿಲ್ಲ.

ಕಾರ್ಖಾನೆಗಳ ಒಡೆತನವೂ ಬದಲಾಗಿದೆ. ವಾಡಿಯಲ್ಲಿ ಘಟಕವಿರುವ ಎಸಿಸಿ 2022ರಲ್ಲಿ ಅದಾನಿ ಸಮೂಹದ ಕೈಸೇರಿತು. ಸೇಡಂನ ಜನ ವಾಸವದತ್ತಾ ಎಂದು ಕರೆಯುವ ಕಾರ್ಖಾನೆ ಕೇಶೋರಾಂ ಕಂಪನಿಯಿಂದ 2025ರಲ್ಲಿ ಅಲ್ಟ್ರಾಟೆಕ್‌ಗೆ ಹೋಯಿತು. ಅಲ್ಲಿ ದುಡಿದವನ ಅನುಭವ ಪತ್ರದಲ್ಲಿ ಇರುವುದು ಹಳೆಯ ಹೆಸರು. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಜೊತೆಯಾಗಿ ಬರೆಯುವುದೇ ಇದಕ್ಕೆ ಮದ್ದು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಅಕ್ಷರಗಳನ್ನೇ ಮೂಲವಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಜಾಣತನ. ಮಿಂಚಂಚೆಯ ವಿಳಾಸವೂ ಆ ಹೆಸರಿನಲ್ಲೇ ಇರಲಿ. ಸಿನಿಮಾ ನಾಯಕನ ಬಿರುದು, ಪ್ರೀತಿಯ ಸಂಕೇತದ ಅಂಕಿಗಳು ಗೆಳೆಯರ ನಡುವೆ ಚಂದ, ಅರ್ಜಿಯ ಮೇಲಲ್ಲ.

ಹೇಳಿದರೆ ಸಾಲದು, ತೋರಿಸಬೇಕು

ಅಮೆರಿಕದಲ್ಲಿ 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ವೃತ್ತಿಪರರಿಗೆಂದೇ ಇರುವ ತಾಣ. ಅಲ್ಲಿ ಅನೇಕರು 'ಕಷ್ಟಪಟ್ಟು ದುಡಿಯುವವನು' ಎಂದು ಬರೆದು ಸುಮ್ಮನಾಗುತ್ತಾರೆ. ಎಲ್ಲರೂ ಬರೆಯುವ ಮಾತಿಗೆ ಬೆಲೆಯಿಲ್ಲ. ಯಾವ ಐಟಿಐ, ಯಾವ ಟ್ರೇಡ್, ಯಾವ ವರ್ಷ, ಯಾವ ಯಂತ್ರದ ಮೇಲೆ ಎಷ್ಟು ತಿಂಗಳು ತರಬೇತಿ, ಯಾವ ದುರಸ್ತಿ ಸ್ವತಃ ಬರುತ್ತದೆ ಎಂಬ ಐದು ಸಾಲು ಸಾಕು. ಪರ್ಸಿ ಕಲ್ಲಿನ ಕೆಲಸಗಾರ ತಾನು ಹಾಸಿದ ಅಂಗಳದ ಮೂರು ಫೋಟೊ ಹಾಕಿ, ಊರು ಮತ್ತು ವರ್ಷ ಬರೆದರೆ ನೂರು ವಿಶೇಷಣಗಳಿಗಿಂತ ಮೇಲು.

ಸ್ವಂತ ಪಾಲಿಶ್ ಘಟಕ ಅಥವಾ ಅಂಗಡಿ ಇದ್ದವರು ಗೂಗಲ್ ನಕ್ಷೆಯಲ್ಲಿ ವ್ಯವಹಾರದ ಹೆಸರು, ಸಮಯ, ಫೋಟೊಗಳನ್ನು ಉಚಿತವಾಗಿ ಸೇರಿಸಬಹುದು. ಕೇಂದ್ರ ಸರ್ಕಾರ 2020ರ ಜುಲೈ 1ರಿಂದ ಆರಂಭಿಸಿದ 'ಉದ್ಯಮ್' ನೋಂದಣಿಗೂ ಶುಲ್ಕವಿಲ್ಲ. ಹಣ ಕೇಳುವ ನಕಲಿ ತಾಣಗಳಿವೆ, ಎಚ್ಚರ. ಇನ್ನು 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಮಂಡಳಿ, ಇಲಾಖೆಗಳೇ ನೀಡುವ ದಾಖಲೆಗಳಿಗೆ ಮೂಲಪ್ರತಿಯಷ್ಟೇ ಮಾನ್ಯತೆ ಇದೆ. ಟ್ರಂಕಿನಲ್ಲಿಟ್ಟ ಅಂಕಪಟ್ಟಿಗೆ ಗೆದ್ದಲು ಹಿಡಿದರೂ ಇದು ಉಳಿಯುತ್ತದೆ.

ನೋಂದಣಿಯ ಬಲ ಎಂಥದೆಂದು ತೊಗರಿ ಬೆಳೆಗಾರರಿಗೆ ಗೊತ್ತು. 'ಗುಲ್ಬರ್ಗಾ ತೊಗರಿ ಬೇಳೆ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರು ಅದಕ್ಕೆ ಮೊದಲೇ ಬದಲಾಗಿದ್ದರೂ ಮಾರುಕಟ್ಟೆಯಲ್ಲಿ ಜನರ ನಾಲಿಗೆಯ ಮೇಲಿದ್ದ ಹೆಸರೇ ದಾಖಲೆಗೆ ಹೋಯಿತು. ದಾಖಲೆಯಲ್ಲಿ ಇಲ್ಲದವರ ಪಾಡೂ ನಮಗೆ ಗೊತ್ತು. ಕಂದಾಯ ದಾಖಲೆಯಲ್ಲಿ ಹೆಸರೇ ಇಲ್ಲದ ತಾಂಡಾಗಳಲ್ಲಿ ತಲೆಮಾರುಗಳಿಂದ ಬದುಕಿದ್ದ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿದ್ದು ಸೇಡಂ ತಾಲೂಕಿನ ಮಳಖೇಡದಲ್ಲಿ, 2023ರ ಜನವರಿ 19ರಂದು. ಅಲ್ಲಿಯವರೆಗೆ ಆ ಮನೆಗಳು ಕಣ್ಣಿಗೆ ಇದ್ದವು, ಕಾಗದದಲ್ಲಿ ಇರಲಿಲ್ಲ.

ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು

ಗುರುತು ತೋರಿಸುವುದೆಂದರೆ ಮನೆಯ ಬಾಗಿಲನ್ನೆಲ್ಲ ತೆರೆದಿಡುವುದಲ್ಲ. ಅಂಗಡಿಯ ಕಟ್ಟೆಯ ಮೇಲೆ ಮಾಲು ಇಡುತ್ತೇವೆ, ತಿಜೋರಿ ಇಡುವುದಿಲ್ಲ. ಕಸುಬು, ಅನುಭವ, ಊರು, ಮಿಂಚಂಚೆ ಕಟ್ಟೆಯ ಮೇಲಿರಲಿ. ಆಧಾರ್ ಸಂಖ್ಯೆ, ಹುಟ್ಟಿದ ದಿನ, ಮನೆಯ ಪೂರ್ಣ ವಿಳಾಸ, ಬ್ಯಾಂಕ್ ವಿವರ ಒಳಗಿರಲಿ. ಆಧಾರ್ ಕೊಡಲೇಬೇಕಾದಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಡಲು ಅವಕಾಶವಿದೆ. ಹೆಣ್ಣುಮಕ್ಕಳು ಇಷ್ಟವಿಲ್ಲದಿದ್ದರೆ ಮುಖದ ಫೋಟೊ ಹಾಕಲೇಬೇಕೆಂದಿಲ್ಲ. ಹೊಲಿದ ಬಟ್ಟೆಯ ಫೋಟೊ ಇದ್ದರೂ ಆದೀತು.

ಗುರುತು ಬಹಿರಂಗವಾದಾಗ ಮೋಸಗಾರರೂ ಹುಡುಕಿಕೊಂಡು ಬರುತ್ತಾರೆ. 'ಸಿಮೆಂಟ್ ಕಂಪನಿಯಲ್ಲಿ ಕೆಲಸ ಖಾತ್ರಿ, ಮೊದಲು ಠೇವಣಿ ಕಟ್ಟಿರಿ' ಎಂದು ಸಂದೇಶ ಬಂದರೆ ಅದು ಬಲೆ. ನಂಬಿಕೆಗೆ ಯೋಗ್ಯವಾದ ಕಂಪನಿ ಕೆಲಸಕ್ಕೆ ಹಣ ಕೇಳುವುದಿಲ್ಲ. ಮೋಸ ಹೋದರೆ ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಟ್ಟಿದರಾಯಿತೆ, ಕಾಯಬೇಕು

ಸಿಮ್ ಬದಲಿಸುವುದು ನಮ್ಮ ಯುವಕರಿಗೆ ಅಂಗಿ ಬದಲಿಸಿದಷ್ಟು ಸುಲಭ. ಆದರೆ ಬಳಕೆಯಿಲ್ಲದೆ ಸ್ಥಗಿತವಾದ ಸಂಖ್ಯೆಯನ್ನು 90 ದಿನಗಳು ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಖಾತೆಗಳು ಹಳೆಯ ಸಂಖ್ಯೆಗೇ ಜೋಡಣೆಯಾಗಿದ್ದರೆ ಒಟಿಪಿ ಯಾರ ಕೈಗೆ ಹೋಗುತ್ತದೆ? ಯೋಚಿಸಿ. ಸಿಮ್ ಬಿಡುವ ಮುನ್ನ ಬ್ಯಾಂಕ್, ಮಿಂಚಂಚೆ, ಡಿಜಿಲಾಕರ್ ಎಲ್ಲ ಕಡೆ ಹೊಸ ಸಂಖ್ಯೆ ದಾಖಲಿಸಬೇಕು.

ಮೂರು ತಿಂಗಳಿಗೊಮ್ಮೆ ತನ್ನ ಹೆಸರನ್ನು ತಾನೇ ಹುಡುಕಿ ನೋಡುವುದು ಒಳ್ಳೆಯ ರೂಢಿ. ಹಳೆಯ ಜಗಳ, ಕೆಟ್ಟ ತಮಾಷೆ ಕಂಡರೆ ಅಳಿಸಬೇಕು. ತನ್ನ ಹೆಸರಿನಲ್ಲಿ ಬೇರೆಯವರು ಖಾತೆ ತೆರೆದಿದ್ದರೆ ಆ ತಾಣಕ್ಕೆ ದೂರು ಕೊಡಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತಪ್ಪು ಮಾಹಿತಿ ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕನ್ನು ಒಪ್ಪಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಬೇಕಿವೆ. ಆದರೆ ಒಬ್ಬರು ಉಳಿಸಿಕೊಂಡ ಪ್ರತಿಯನ್ನು ಯಾವ ಕಾಯ್ದೆಯೂ ಸುಲಭವಾಗಿ ಅಳಿಸಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇಲ್ಲದ ಅನುಭವ ಬರೆದವನಿಗೂ ಅದೇ ಮಾತು ಸಲ್ಲುತ್ತದೆ. ಯಂತ್ರದ ಮುಂದೆ ನಿಲ್ಲಿಸಿದ ಮೊದಲ ದಿನವೇ ಬಣ್ಣ ಬಯಲಾಗುತ್ತದೆ.

ಇಷ್ಟಕ್ಕೆಲ್ಲ ಬೇಕಾದ್ದು ಒಂದು ಸಾಧಾರಣ ಮೊಬೈಲ್ ಮತ್ತು ಒಂದು ಭಾನುವಾರದ ಮಧ್ಯಾಹ್ನ. ಮನೆಯಲ್ಲಿ ಓದು ಬಲ್ಲ ಮಗಳಿದ್ದರೆ ಕಲ್ಲು ಕಡಿಯುವ ಅಪ್ಪನ ಹೆಸರು, ಅವನ ಕೆಲಸದ ಫೋಟೊ ಅವಳೇ ಹಾಕಿಯಾಳು. ಕನಗನಹಳ್ಳಿಯ ಕಲ್ಲುಗಳಲ್ಲಿ ಅಶೋಕನ ಹೆಸರಿನ ಜೊತೆಗೆ ಸ್ತೂಪಕ್ಕೆ ದಾನ ಕೊಟ್ಟ ಅನೇಕರ ಹೆಸರುಗಳೂ ಇವೆ. ರಾಜರಲ್ಲದವರೂ ತಮ್ಮ ಹೆಸರು ಬರೆಸಿದ್ದರಿಂದಲೇ ಅವರು ಇದ್ದರೆಂಬುದು ಇಂದು ನಮಗೆ ತಿಳಿದಿದೆ. ಶಹಾಬಾದಿನ ಕಲ್ಲಿನ ಜೊತೆಗೆ ಅದನ್ನು ಕಡಿದವನ ಹೆಸರೂ ಇನ್ನು ಮೇಲೆ ಊರು ದಾಟಲಿ.